ನಿಯಮ ಯಾರ ಮೇಲೆ?



ಯೋಗದರ್ಶನದ ಎರಡನೆಯ ಅಂಗವಾದ ನಿಯಮದ ಬಗ್ಗೆ ಈ ದತ್ತಿ ಉಪನ್ಯಾಸದಲ್ಲಿ ಮಾತಾಡಬೇಕೆಂದು ಕೊಲ್ಕತ್ತದ ಕನ್ನಡಿಗರಾದ ನೀವು ಕರೆದಿದ್ದೀರಿ. ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ ಎಂದು ಐದು ಹೆಸರು. ಒಂದೊಂದಕ್ಕೂ ಅರ್ಥ ಹೇಳುತ್ತ ಹೋದರೆ ಉಪನ್ಯಾಸ ಬೇಗ ಮುಗಿಯುತ್ತದೆ, ಎಲ್ಲರೂ ಕಾಫಿಗೆ ಏಳಬಹುದು. ಆದರೆ ಪ್ರವಚನ ಕೇಳಿ ಪಳಗಿದ ನಿಮಗೆ ಅದರಲ್ಲಿ ಹೊಸದೇನೂ ಸಿಗದು. ನನ್ನನ್ನು ಬಹಳ ಕಾಲದಿಂದ ಕಾಡಿದ ಪ್ರಶ್ನೆ ಬೇರೆ. ನಿಯಮವೆಂದರೆ ಸಾಧಕ ತನಗೆ ತಾನೇ ಹಾಕಿಕೊಳ್ಳುವ ಕಟ್ಟು. ಅದು ನಮ್ಮ ಸಮಾಜದಲ್ಲಿ ಹೇಗೆ ಮೆಲ್ಲಗೆ ಕೈಜಾರಿ ಇನ್ನೊಬ್ಬರ ಕೊರಳಿಗೆ ಬಿತ್ತು? ಯಾರು ಅದನ್ನು ಮರಳಿ ಬಿಚ್ಚಿ ತಮ್ಮ ಕೊರಳಿಗೇ ಹಾಕಿಕೊಂಡರು? ಈ ಪ್ರಶ್ನೆ ಕೇಳುವುದಕ್ಕೆ ನಿಮ್ಮ ಊರಿಗಿಂತ ತಕ್ಕ ಜಾಗ ನನಗೆ ಗೊತ್ತಿಲ್ಲ. ಯೋಗಸೂತ್ರ ಅಚ್ಚಾದದ್ದು, ಭಾಷ್ಯದ ಮೇಲಿನ ಹೊಸ ಭಾಷ್ಯ ಪ್ರಕಟವಾದದ್ದು, ಶೌಚದ ಹೆಸರಿನಲ್ಲಿ ಜನ ಹೊಗೆಯಲ್ಲಿ ಉಸಿರುಗಟ್ಟಿ ಊಟ ಮಾಡಿದ್ದು, ಅದೇ ಶೌಚಕ್ಕಾಗಿ ಒಬ್ಬ ಪರದೇಶದ ಹೆಂಗಸು ಗಲ್ಲಿ ಗುಡಿಸಿದ್ದು ಎಲ್ಲವೂ ಈ ಊರಿನ ನಾಲ್ಕಾರು ಮೈಲಿಯೊಳಗೆ ನಡೆದಿವೆ.

ಮೊದಲು ಪತಂಜಲಿ ಇಟ್ಟ ಕ್ರಮ ನೋಡೋಣ. ಯಮ ಮೊದಲು, ನಿಯಮ ಆಮೇಲೆ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಈ ಐದಕ್ಕೆ ಮಾತ್ರ ಆತ ಮಹಾವ್ರತ ಎಂಬ ಪಟ್ಟ ಕೊಡುತ್ತಾನೆ. ಜಾತಿ, ದೇಶ, ಕಾಲ, ಸಮಯ ಎಂಬ ಯಾವ ನೆಪವೂ ಅಲ್ಲಿ ನಡೆಯದು. ಇದಕ್ಕೆ ವ್ಯಾಸಭಾಷ್ಯ ಕೊಡುವ ಉದಾಹರಣೆ ಸೊಗಸಾಗಿದೆ. ಮೀನು ಬಿಟ್ಟು ಬೇರೇನನ್ನೂ ಕೊಲ್ಲೆನೆಂಬ ಬೆಸ್ತನದು ಜಾತಿಗೆ ಕಟ್ಟುಬಿದ್ದ ಅಹಿಂಸೆ. ತೀರ್ಥಕ್ಷೇತ್ರದಲ್ಲಿ ಕೊಲ್ಲೆನೆಂದರೆ ದೇಶಕ್ಕೆ, ಚತುರ್ದಶಿಯಂದು ಕೊಲ್ಲೆನೆಂದರೆ ಕಾಲಕ್ಕೆ, ದೇವರಿಗೂ ಬ್ರಾಹ್ಮಣರಿಗೂ ಹೊರತು ಇನ್ನಾರಿಗಾಗಿಯೂ ಕೊಲ್ಲೆನೆಂದರೆ ಸಮಯಕ್ಕೆ ಕಟ್ಟುಬಿದ್ದದ್ದು. ಗರಿಯಾಹಾಟ್ ಮಾರುಕಟ್ಟೆಯಲ್ಲಿ ಹಿಲ್ಸಾ ಮೀನಿಗೆ ಚೌಕಾಸಿ ಮಾಡಿ ಬಂದ ಬಂಗಾಳಿ ಮಿತ್ರರ ಎದುರು ಈ ಸಾಲು ಓದಬಾರದು, ಅಷ್ಟೇ.

ನಿಯಮಗಳ ಪಟ್ಟಿ ಬರುವುದು ಇದಾದ ಮೇಲೆ. ಅವಕ್ಕೆ ಮಹಾವ್ರತದ ಪಟ್ಟ ಇಲ್ಲ. ಇದು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು ಎಂದು ನಾನು ಓದುತ್ತೇನೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲೂ ಇದೇ ವಿವೇಕ ಇದೆ: ಯಮಗಳನ್ನು ಸದಾ ಪಾಲಿಸಬೇಕು, ನಿಯಮಗಳನ್ನು ಸದಾ ಪಾಲಿಸಬೇಕೆಂದಿಲ್ಲ, ಯಮ ಬಿಟ್ಟು ಬರಿಯ ನಿಯಮ ಹಿಡಿದವನು ಬೀಳುತ್ತಾನೆ. ಭಾಗವತದ ಹನ್ನೊಂದನೆಯ ಸ್ಕಂಧವೂ ಯಮಕ್ಕೆ ನಿರಂತರ, ನಿಯಮಕ್ಕೆ ಆಗಾಗ ಎಂಬ ಭೇದ ಮಾಡುತ್ತದೆ. ಮನುವಿನ ಹೆಸರು ಹೇಳಿ ನಿಯಮ ಹೇರಿದವರು ಈ ಒಂದು ಶ್ಲೋಕವನ್ನು ಹೇಗೆ ದಾಟಿಕೊಂಡು ಹೋದರೋ! ಪಟ್ಟಿಯೂ ಒಂದೇ ರೀತಿ ನಿಂತದ್ದಲ್ಲ. ಪತಂಜಲಿಯಲ್ಲಿ ಐದು, ಹಠಯೋಗದ ಗ್ರಂಥಗಳಲ್ಲಿ ಹತ್ತು, ಭಾಗವತದಲ್ಲಿ ಹನ್ನೆರಡು. ಸಾಧಕ ಯಾರು, ಅವನ ಊರು ಯಾವುದು, ದೇಹ ಎಂಥದು ಎಂಬುದರ ಮೇಲೆ ನಿಯಮ ಹೊಂದಿಕೊಳ್ಳುತ್ತದೆ. ಯಮಕ್ಕೆ ಆ ಸಲುಗೆ ಇಲ್ಲ.

ನಾವು ಮಾಡಿದ್ದು ಇದರ ತಿರುವುಮುರುವು. ಸ್ನಾನ, ಮಡಿ, ಏಕಾದಶಿ, ಎಂಜಲು ಮುಸುರೆಗಳನ್ನು ಅಲುಗಾಡದ ಮಹಾವ್ರತ ಮಾಡಿಕೊಂಡೆವು. ಸತ್ಯ, ಅಸ್ತೇಯಗಳಿಗೆ ಮಾತ್ರ ಕಾಲ ದೇಶ ನೋಡಿ ರಿಯಾಯಿತಿ ಕೊಟ್ಟೆವು. ಬೆಳಗ್ಗೆ ಒದ್ದೆ ಪಂಚೆಯಲ್ಲಿ ಸಂಧ್ಯಾವಂದನೆ ಮುಗಿಸಿ ಮಧ್ಯಾಹ್ನ ಸುಳ್ಳು ಲೆಕ್ಕ ಬರೆಯುವುದರಲ್ಲಿ ನಮ್ಮ ಅಜ್ಜಂದಿರ ಕಾಲದ ಶಾನುಭೋಗಿಕೆಗೆ ಏನೂ ವಿರೋಧ ಕಾಣಲಿಲ್ಲ.

ಶೌಚದಿಂದಲೇ ತೊಡಗುತ್ತೇನೆ. 1901ರ ಡಿಸೆಂಬರ್. ಕಾಂಗ್ರೆಸ್ ಅಧಿವೇಶನ ಈ ಊರಲ್ಲಿ, ಅಧ್ಯಕ್ಷರು ದಿನ್‌ಶಾ ವಾಚಾ. ದಕ್ಷಿಣ ಆಫ್ರಿಕಾದಿಂದ ಬಂದಿದ್ದ ಮೂವತ್ತೆರಡು ವರ್ಷದ ವಕೀಲ ಗಾಂಧಿಗೆ ರಿಪನ್ ಕಾಲೇಜಿನಲ್ಲಿ, ಅಂದರೆ ಈಗಿನ ಸುರೇಂದ್ರನಾಥ ಕಾಲೇಜಿನಲ್ಲಿ, ಬಿಡಾರ. ಅಲ್ಲಿ ಕಂಡದ್ದನ್ನು ಅವರು ಆತ್ಮಕಥೆಯಲ್ಲಿ ಬಚ್ಚಿಡದೆ ಬರೆದಿದ್ದಾರೆ. ತಮಿಳು ಪ್ರತಿನಿಧಿಗಳಿಗೆ ಅನ್ಯರ ಸ್ಪರ್ಶ ಒತ್ತಟ್ಟಿಗಿರಲಿ, ಊಟದ ಹೊತ್ತಿನಲ್ಲಿ ಅನ್ಯರ ಕಣ್ಣು ಬಿದ್ದರೂ ಮೈಲಿಗೆ. ಹಾಗಾಗಿ ಕಾಲೇಜಿನ ಆವರಣದಲ್ಲೇ ಅವರಿಗೊಂದು ಬೇರೆ ಅಡುಗೆಮನೆ, ಸುತ್ತ ತಟ್ಟಿಯ ಗೋಡೆ. ಅಡುಗೆ, ಊಟ, ಕೈತೊಳೆಯುವುದು ಎಲ್ಲ ಅದರೊಳಗೇ. ಹೊರಗೆ ಹೋಗಲು ದಾರಿಯಿಲ್ಲದ ಹೊಗೆ ಉಸಿರುಗಟ್ಟಿಸುತ್ತಿತ್ತು. ತಮಿಳರು ಎಂದು ನಾವು ನಗಬೇಕಾಗಿಲ್ಲ. ಮೈಸೂರಿನಿಂದಲೋ ಉಡುಪಿಯಿಂದಲೋ ಹೋದವರಿಗೂ ಆ ತಟ್ಟಿಯ ಒಳಗೇ ಎಲೆ ಹಾಕಬೇಕಾಗುತ್ತಿತ್ತು.

ಅದೇ ಆವರಣದಲ್ಲಿ ಕಕ್ಕಸು. ಇದ್ದದ್ದೇ ನಾಲ್ಕಾರು, ಸುತ್ತ ನೀರು ನಿಂತು ದುರ್ನಾತ. ಸ್ವಯಂಸೇವಕರಿಗೆ ತೋರಿಸಿದರೆ ಅದು ತೋಟಿಯ ಕೆಲಸ ಎಂದರಂತೆ. ಗಾಂಧಿ ಪೊರಕೆ ಕೇಳಿದರು. ಕೇಳಿಸಿಕೊಂಡವನು ಕಣ್ಣರಳಿಸಿ ನೋಡಿದ. ಕಡೆಗೆ ತಾವೇ ಒಂದು ಪೊರಕೆ ಹುಡುಕಿ ತಮ್ಮ ಪಾಲಿನ ಕಕ್ಕಸನ್ನು ಗುಡಿಸಿಕೊಂಡರು. ರಾತ್ರಿ ಹೊತ್ತು ಕೋಣೆಯೆದುರಿನ ಜಗಲಿಯಲ್ಲೇ ಕೂತು ಮುಗಿಸಿಬಿಡುವ ಪ್ರತಿನಿಧಿಗಳೂ ಇದ್ದರು, ಬೆಳಗ್ಗೆ ಅದನ್ನು ತೆಗೆಯುವವರು ಮಾತ್ರ ಯಾರೂ ಇಲ್ಲ. ಒಂದೇ ಕಾಂಪೌಂಡಿನಲ್ಲಿ ದೃಷ್ಟಿ ತಾಗಿದರೂ ಕೆಡುವ ಶೌಚ, ಕಾಲಿಟ್ಟರೆ ಜಾರುವ ಅಶೌಚ. ಎರಡರ ನಡುವೆ ಒಂದು ತಟ್ಟಿ.

ಪತಂಜಲಿಯ ಸೂತ್ರವೇ ಇದಕ್ಕೆ ಎಡೆ ಕೊಟ್ಟಿತೇ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಎರಡನೆಯ ಪಾದದಲ್ಲಿ ಶೌಚದ ಫಲ ಹೇಳುವಾಗ ತನ್ನ ಅಂಗಗಳ ಬಗ್ಗೆ ಜುಗುಪ್ಸೆ, ಪರರೊಡನೆ ಅಸಂಸರ್ಗ ಎಂದೇ ಬರುತ್ತದೆ. ಕೇಳುವುದಕ್ಕೆ ಹಿತವಾದ ಮಾತಲ್ಲ. ಆದರೆ ಜುಗುಪ್ಸೆ ಎಲ್ಲಿಂದ ಹೊರಡುತ್ತದೆ ನೋಡಿ. ಭಾಷ್ಯದ ತರ್ಕ ಹೀಗೆ: ಮಣ್ಣು ನೀರು ಹಾಕಿ ಎಷ್ಟು ತಿಕ್ಕಿದರೂ ಶುದ್ಧವಾಗದ ತನ್ನ ದೇಹವನ್ನು ಕಂಡವನಿಗೆ ಪರರ ದೇಹದ ಮೋಹ ಉಳಿಯುವುದುಂಟೇ? ಅಂದರೆ ಮೊದಲು ಅಸಹ್ಯವಾಗಬೇಕಾದದ್ದು ತನ್ನದೇ ಮೈ. ಮಡಿವಂತಿಕೆ ಹೊರಡುವುದು ಎದುರಿನವನ ಮೈಯಿಂದ. ತನ್ನ ಮೈ ಅದಕ್ಕೆ ಹುಟ್ಟಿನಿಂದಲೇ ಶುದ್ಧ. ಮುಂದಿನ ಸೂತ್ರದಲ್ಲಿ ಒಳಗಿನ ಶೌಚದ ಲಕ್ಷಣಗಳು ಬರುತ್ತವೆ. ಅವುಗಳಲ್ಲಿ ಒಂದು ಸೌಮನಸ್ಯ, ಮನಸ್ಸಿನ ಗೆಲುವು. ಇದೊಂದೇ ಸಾಕು ಪರೀಕ್ಷೆಗೆ. ಮಡಿಯ ಗೀಳು ಹತ್ತಿದವರು ನಗುನಗುತ್ತ ಇದ್ದದ್ದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ? ಬಂಗಾಳಿಗಳು ಆ ಗೀಳಿಗೆ ಶುಚಿಬಾಯಿ ಎಂದು ಹೆಸರಿಟ್ಟು ಕಾಯಿಲೆಗಳ ಸಾಲಿಗೇ ಸೇರಿಸಿದ್ದಾರೆ.

ಗಾಂಧಿ ಬಂದುಹೋಗುವುದಕ್ಕೆ ಎರಡು ವರ್ಷ ಮೊದಲು ಇದೇ ಶೌಚ ಇನ್ನೊಂದು ದಾರಿ ಹಿಡಿದಿತ್ತು. 1898ರಲ್ಲಿ ಕಲ್ಕತ್ತೆಗೆ ಪ್ಲೇಗು ಬಂತು. ಹಣ ಸಾಲದಿದ್ದರೆ ಬೇಲೂರು ಮಠಕ್ಕೆಂದು ಆಗಷ್ಟೇ ಕೊಂಡ ಜಾಗವನ್ನೂ ಮಾರಿಬಿಡೋಣ ಎಂದರು ವಿವೇಕಾನಂದರು. 1899ರ ಮಾರ್ಚ್ ಕೊನೆಗೆ ರಾಮಕೃಷ್ಣ ಮಿಷನ್ನಿನ ಪ್ಲೇಗು ಸೇವೆ ಶುರುವಾಯಿತು. ಕಾರ್ಯದರ್ಶಿ ಪರದೇಶದಿಂದ ಬಂದ ಸಿಸ್ಟರ್ ನಿವೇದಿತಾ, ಗುಡಿಸುವವರ ತಂಡದ ಮೇಲ್ವಿಚಾರಣೆ ಸ್ವಾಮಿ ಸದಾನಂದರದು. ಬಾಗ್‌ಬಜಾರಿನ ಗಲ್ಲಿಯೊಂದರಲ್ಲಿ ಆಳು ಸಿಗದಾಗ ನಿವೇದಿತಾ ತಾವೇ ಪೊರಕೆ ಹಿಡಿದರು. ಮನೆಬಾಗಿಲಲ್ಲಿ ನಿಂತು ನೋಡುತ್ತಿದ್ದ ಹುಡುಗರಿಗೆ ನಾಚಿಕೆಯಾಗಿ, ಬಂದು ಪೊರಕೆ ಕಸಿದುಕೊಂಡರು.

ಡಾಕ್ಟರ್ ರಾಧಾಗೋವಿಂದ ಕರ್ ಹೇಳಿದ ಒಂದು ಪ್ರಸಂಗವನ್ನು ಇಲ್ಲಿ ಬಿಡಲಾರೆ. ಚೈತ್ರದ ಬಿಸಿಲಲ್ಲಿ ರೋಗಿಗಳನ್ನು ನೋಡಿ ಮಧ್ಯಾಹ್ನ ಮನೆಗೆ ಬಂದರೆ ಧೂಳು ಹಿಡಿದ ಕುರ್ಚಿಯ ಮೇಲೆ ಒಬ್ಬ ಯುರೋಪಿಯನ್ ಮಹಿಳೆ ಕಾಯುತ್ತಿದ್ದಾರೆ. ಅದೇ ಬೆಳಗ್ಗೆ ಡಾಕ್ಟರು ಬಾಗ್‌ಬಜಾರಿನ ಕೊಳೆಗೇರಿಯಲ್ಲಿ ಪ್ಲೇಗು ತಗುಲಿದ ಮಗುವೊಂದನ್ನು ನೋಡಿ ಬಂದಿದ್ದರು. ಈಕೆ ವಿಚಾರಿಸಲು ಬಂದದ್ದು ಅದನ್ನೇ. ಪರಿಸ್ಥಿತಿ ಕೈಮೀರಿದೆ, ಎಚ್ಚರದಿಂದಿರಿ ಎಂದು ಡಾಕ್ಟರು ಹೇಳಿ ಕಳಿಸಿದರು. ಸಂಜೆ ಮತ್ತೆ ಹೋಗಿ ನೋಡಿದರೆ ಆ ತೇವದ ಗುಡಿಸಲಲ್ಲಿ ತಾಯಿಯಿಲ್ಲದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿರುವವರು ಅವರೇ, ನಿವೇದಿತಾ. ಮುಂದಿನ ದಿನಗಳಲ್ಲಿ ಸಣ್ಣದೊಂದು ಏಣಿ ತಂದು ಗೋಡೆಗೆ ತಮ್ಮ ಕೈಯಾರೆ ಸುಣ್ಣ ಬಳಿದರು. ಮಗು ಉಳಿಯಲಿಲ್ಲ. ಅವರನ್ನೇ ತಾಯಿಯೆಂದುಕೊಂಡು ಅವರ ಮಡಿಲಲ್ಲೇ ಕಣ್ಣುಮುಚ್ಚಿತು. ಪತಂಜಲಿಯ ಅಸಂಸರ್ಗಕ್ಕೆ ಇದು ಅಪವಾದ ಎನ್ನುವವರು ಎನ್ನಲಿ. ನನ್ನ ಲೆಕ್ಕದಲ್ಲಿ ಅಹಿಂಸೆ ಮುಂದೆ ನಡೆದಿದೆ, ಶೌಚ ಅದರ ಹಿಂದೆ ಪೊರಕೆ ಸುಣ್ಣ ಹಿಡಿದು ಹೋಗಿದೆ. ಕ್ರಮ ಎಂದರೆ ಇದೇ.

ಇದಕ್ಕೊಂದು ಪೂರ್ವಕಥೆಯೂ ಇದೆ. ದಕ್ಷಿಣೇಶ್ವರದಲ್ಲಿ ಸಾಧನೆಯ ದಿನಗಳಲ್ಲಿ ರಾಮಕೃಷ್ಣರು ರಾತ್ರಿಯ ಹೊತ್ತು ಯಾರೂ ಕಾಣದಂತೆ ಅಸ್ಪೃಶ್ಯನೊಬ್ಬನ ಮನೆಗೆ ಹೋಗಿ ಕೊಳೆ ಬಳಿದು, ಜಡೆಗಟ್ಟಿದ ತಮ್ಮ ಕೂದಲಿನಿಂದ ನೆಲ ಒರೆಸಿದ್ದನ್ನು ವಿವೇಕಾನಂದರೇ ಹೇಳಿದ್ದಾರೆ. ಬ್ರಾಹ್ಮಣನೆಂಬ ಹಮ್ಮು ಅವರಿಗೆ ಒಳಗಿನ ಕೊಳೆಯಾಗಿ ಕಂಡಿತ್ತು. ಅದನ್ನು ತೊಳೆಯಲು ಗಂಗೆ ಪಕ್ಕದಲ್ಲೇ ಹರಿಯುತ್ತಿದ್ದರೂ ಸಾಲಲಿಲ್ಲ.

ನಮಗೆ ಕನ್ನಡಿಗರಿಗೆ ಈ ಮಾತು ಹೊಸದಾಗಬಾರದು. ಕಳವು, ಕೊಲೆ, ಸುಳ್ಳು, ಸಿಟ್ಟು, ಅನ್ಯರ ಬಗ್ಗೆ ಅಸಹ್ಯ, ತನ್ನ ಬಣ್ಣನೆ, ಪರನಿಂದೆ ಇವುಗಳನ್ನು ಬಿಡುವುದೇ ಒಳಗಿನ ಹೊರಗಿನ ಶುದ್ಧಿ ಎಂದು ಹೇಳುವ ಬಸವಣ್ಣನವರ ವಚನ ನಮ್ಮ ಮಕ್ಕಳ ಬಾಯಲ್ಲಿದೆ. ಅದನ್ನು ನೀತಿಪಾಠವಾಗಿ ಬಾಯಿಪಾಠ ಮಾಡಿಸುತ್ತೇವೆ. ಯೋಗಶಾಸ್ತ್ರದ ಪಕ್ಕದಲ್ಲಿಟ್ಟು ಓದುವುದಿಲ್ಲ. ಪತಂಜಲಿ ಎರಡು ಬೇರೆ ಸೂತ್ರಗಳಲ್ಲಿ ಇಟ್ಟದ್ದನ್ನು ಬಸವಣ್ಣ ಒಂದಾಗಿ ಬೆಸೆದರು. ಯಮದ ಹೊರತಾಗಿ ಶೌಚ ಎಂಬ ಬೇರೆ ಪದಾರ್ಥವೇ ಅವರಿಗೆ ಇಲ್ಲ. ಅನ್ಯರಿಗೆ ಅಸಹ್ಯಪಡುವುದು ಆ ಪಟ್ಟಿಯಲ್ಲಿ ಕೊಲೆ ಕಳವುಗಳ ಜೊತೆ ಕೂತಿದೆ, ಗಮನಿಸಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕೂತವರಿಗೆ ರಿಪನ್ ಕಾಲೇಜಿನ ತಟ್ಟಿ ಕಂಡಿತ್ತೆಂದೇ ಹೇಳಬೇಕು.

ತಪಸ್ಸಿನ ವಿಷಯಕ್ಕೆ ಬಂದರೆ ಕಥೆ ಇನ್ನೂ ಕಹಿ. ಹಸಿವು ಬಾಯಾರಿಕೆ, ಚಳಿ ಸೆಕೆ, ಮೌನ, ವ್ರತ ಇವುಗಳನ್ನು ತಾಳಿಕೊಳ್ಳುವುದು ತಪಸ್ಸು ಎಂದು ಭಾಷ್ಯ ಹೇಳುತ್ತದೆ. ಆದರೆ ಕ್ರಿಯಾಯೋಗವನ್ನು ಹೇಳುವಾಗ ಒಂದು ಮಿತಿಯನ್ನೂ ಹಾಕುತ್ತದೆ: ಚಿತ್ತದ ಪ್ರಸನ್ನತೆ ಕೆಡದ ಮಟ್ಟಿಗೆ ಮಾತ್ರ. ಈ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮೇಲ್ಜಾತಿಯ ಮನೆಗಳಲ್ಲಿ ವಿಧವೆಯರು ಏಕಾದಶಿಯಂದು ನಿರ್ಜಲ ಉಪವಾಸ ಮಾಡಬೇಕಿತ್ತು. ನಿರ್ಜಲ ಎಂದರೆ ತೊಟ್ಟು ನೀರೂ ಇಲ್ಲ. ವೈಶಾಖ ಜ್ಯೇಷ್ಠದ ಕಲ್ಕತ್ತೆಯ ಸೆಕೆ ನಿಮಗೆ ಗೊತ್ತು. ವಿಧವೆ ಎಂದರೆ ಎಪ್ಪತ್ತರ ಮುದುಕಿಯೇ ಆಗಬೇಕಿರಲಿಲ್ಲ, ಎಂಟು ಹತ್ತು ವರ್ಷದ ಹುಡುಗಿಯೂ ಆಗಬಹುದಿತ್ತು. ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯಿಲ್ಲ, ಮಸೂರ ಬೇಳೆಯೂ ಇಲ್ಲ, ದಿನಕ್ಕೊಂದೇ ಹೊತ್ತು ಊಟ. ಅದೇ ಮನೆಯ ಗಂಡಸರಿಗೆ ಆ ಮಧ್ಯಾಹ್ನ ಇಂಥ ಕಟ್ಟೇನೂ ಇರಲಿಲ್ಲ. ನಮ್ಮ ಕಡೆಯ ಕೆಂಪು ಸೀರೆ, ಬೋಳಿಸಿದ ತಲೆ, ಒಪ್ಪೊತ್ತಿನ ಮಡಿ ಹೆಂಗಸರನ್ನು ನೆನೆಸಿಕೊಳ್ಳಿ. ನನ್ನ ವಯಸ್ಸಿನವರ ಮನೆಗಳಲ್ಲಿ ಅಂಥ ಒಬ್ಬ ಅತ್ತೆಯೋ ಅಜ್ಜಿಯೋ ಇದ್ದೇ ಇದ್ದರು. ಅವರು ಸಿಡುಕಿದರೆ ಎಲ್ಲರೂ ಮಡಿಯ ಸಿಡುಕು ಎನ್ನುತ್ತಿದ್ದರೇ ಹೊರತು ಹಸಿವಿನ ಸಿಡುಕು ಎನ್ನುತ್ತಿರಲಿಲ್ಲ.

ವಿದ್ಯಾಸಾಗರರ ಹೋರಾಟದಿಂದ 1856ರಲ್ಲಿ ವಿಧವಾ ವಿವಾಹದ ಕಾನೂನು ಬಂತು. ಮದುವೆಗೆ ಕಾನೂನು ಬಂದರೂ ನೀರಿನ ಲೋಟಕ್ಕೆ ಕಾನೂನು ಬರಲಿಲ್ಲ. ಅದು ಒಳಮನೆಯ ವಿಷಯ, ಶಾಸ್ತ್ರದ ವಿಷಯ ಎಂದಾಯಿತು. ಯೋಗಶಾಸ್ತ್ರದ ಕಡೆಯಿಂದ ನೋಡಿದರೆ ಇದು ತಪಸ್ಸೇ ಅಲ್ಲ. ತಾನು ಆರಿಸಿಕೊಳ್ಳದ ಹಸಿವು ತಪಸ್ಸಾದರೆ ಬರಗಾಲವೂ ತಪಸ್ಸಾಗಬೇಕು. ಮಗುವಿಗೆ ನೀರು ತಡೆದ ಮನೆಯವರು ಅವಳಿಗೆ ನಿಯಮ ಕಲಿಸಲಿಲ್ಲ, ತಾವು ಅಹಿಂಸೆಯ ಮಹಾವ್ರತ ಮುರಿದರು. ಇಲ್ಲಿ ಇಷ್ಟು ಬಿರುಸಾಗಿ ಮಾತಾಡುವುದು ದತ್ತಿ ಉಪನ್ಯಾಸದ ಮರ್ಯಾದೆಗೆ ಒಗ್ಗುತ್ತದೋ ಇಲ್ಲವೋ, ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಸಂತೋಷದ ಬಗ್ಗೆ ಒಂದು ನಗೆಯ ಪ್ರಸಂಗ ಹೇಳಿ ಸ್ವಲ್ಪ ಹಗುರಾಗೋಣ. ಪಾರ್ಕ್ ಸ್ಟ್ರೀಟಿನ ಏಷ್ಯಾಟಿಕ್ ಸೊಸೈಟಿಗಾಗಿ ರಾಜೇಂದ್ರಲಾಲ ಮಿತ್ರರು ಭೋಜರಾಜನ ವೃತ್ತಿಯೊಡನೆ ಯೋಗಸೂತ್ರವನ್ನು ಇಂಗ್ಲಿಷ್ ಅನುವಾದದ ಸಮೇತ ಅಚ್ಚಿಗೆ ತಂದರು. 1883ರಲ್ಲಿ ಆ ಕೆಲಸ ಮುಗಿಯಿತು. ಯೋಗ ಬಲ್ಲವರೊಬ್ಬರ ಬಳಿ ಕೂತು ಓದಿ ಅನುವಾದಿಸಬೇಕೆಂಬುದು ಅವರ ಆಸೆ. ಇಡೀ ಬಂಗಾಳದಲ್ಲಿ ಯೋಗವನ್ನೇ ವಿಶೇಷವಾಗಿ ಓದಿದ ಪಂಡಿತ ಸಿಗಲಿಲ್ಲವೆಂದು ಮುನ್ನುಡಿಯಲ್ಲಿ ತೋಡಿಕೊಂಡಿದ್ದಾರೆ. ಕಾಶಿಯಲ್ಲಿ ಒಬ್ಬ ಸಿಕ್ಕನಂತೆ. ಲೋಕವನ್ನೂ ಹಣವನ್ನೂ ಕಸವೆಂದು ಬಿಟ್ಟ ಆ ಮಹಾನುಭಾವ ಪಾಠಕ್ಕೆ ಕೇಳಿದ ಸಂಭಾವನೆ ಮಾತ್ರ ರಾಜೇಂದ್ರಲಾಲರ ಎದೆ ಒಡೆಯುವಷ್ಟು. ಕಾಶಿಯವನು ಬಿಟ್ಟದ್ದು ಅಪರಿಗ್ರಹ ಸಂತೋಷ ಎರಡನ್ನೂ. ನಮಗೆ ಬಂದದ್ದು ಗುರುವಿಲ್ಲದೆಯೇ ಆದ ಅನುವಾದ.

ಆದರೆ ಸಂತೋಷ ಎಂಬ ನಿಯಮಕ್ಕೆ ಇನ್ನೊಂದು ದುರ್ಬಳಕೆ ಉಂಟು. ಅದು ನಗುವ ವಿಷಯವಲ್ಲ. ಕೈಯಲ್ಲಿರುವ ಸಾಧನಕ್ಕಿಂತ ಹೆಚ್ಚಿನದನ್ನು ಬಯಸದಿರುವುದು ಸಂತೋಷ ಎನ್ನುತ್ತದೆ ಭಾಷ್ಯ. ಬಯಸದಿರುವವನು ಸಾಧಕ, ತನ್ನ ಪಾಲಿಗೆ. ಉಳ್ಳವರು ಇದನ್ನು ಇಲ್ಲದವರಿಗೆ ಉಪದೇಶ ಮಾಡುತ್ತ ಬಂದರು: ಇದ್ದದ್ದರಲ್ಲಿ ತೃಪ್ತಿಪಡು. ಇಲ್ಲಿ ನಿಮ್ಮ ಊರನ್ನೂ ನಮ್ಮ ಊರನ್ನೂ ಹೆಣೆಯುವ ಒಂದು ಎಳೆ ಇದೆ. ಕಾಲೀಘಾಟಿನ ಹತ್ತಿರ ಕೇವಡಾತಲಾ ಸ್ಮಶಾನದ ಪಕ್ಕದಲ್ಲಿ ಮೈಸೂರಿನ ಹೆಸರಿನ ಒಂದು ಉದ್ಯಾನ ಇದೆಯಲ್ಲ, ಅದು ಹತ್ತನೆಯ ಚಾಮರಾಜೇಂದ್ರ ಒಡೆಯರ ನೆನಪಿನದು. 1894ರ ಡಿಸೆಂಬರ್ 28ರಂದು ಈ ಊರಲ್ಲೇ ಡಿಫ್ತೀರಿಯಾದಿಂದ ತೀರಿಕೊಂಡರು, ವಯಸ್ಸು ಮೂವತ್ತೊಂದು. ವಿವೇಕಾನಂದರೂ ಅವರೂ ಹುಟ್ಟಿದ್ದು ಒಂದೇ ವರ್ಷ, 1863. 1892ರಲ್ಲಿ ಯಾರೂ ಹೆಸರು ಕೇಳದಿದ್ದ ಆ ಬಂಗಾಳಿ ಸಂನ್ಯಾಸಿಗೆ ಮೊದಲು ದಿವಾನ್ ಶೇಷಾದ್ರಿ ಅಯ್ಯರ್, ಆಮೇಲೆ ಅರಮನೆ ಆತಿಥ್ಯ ಕೊಟ್ಟದ್ದು ನಿಮಗೆ ಗೊತ್ತೇ ಇದೆ.

ಮಹಾರಾಜರು ತೀರಿಕೊಳ್ಳುವುದಕ್ಕೆ ಆರು ತಿಂಗಳು ಮೊದಲು, 1894ರ ಜೂನ್ 23ರಂದು, ಚಿಕಾಗೋದಿಂದ ವಿವೇಕಾನಂದರು ಅವರಿಗೆ ಬರೆದ ಕಾಗದ ಈಗಲೂ ಓದಲು ಸಿಗುತ್ತದೆ. ಸಂನ್ಯಾಸಿ ರಾಜನಿಗೆ ಬರೆದ ಕಾಗದ ಎಂದರೆ ಧ್ಯಾನ ಪ್ರಾಣಾಯಾಮಗಳ ಮಾತು ಇರಬೇಕೆಂದು ನಾವು ಎಣಿಸುತ್ತೇವೆ. ಅಲ್ಲಿರುವುದು ಬಡವರ ಮಾತು. ಊಟಕ್ಕಿಲ್ಲದವರು ಶಾಲೆಗೆ ಬರುವುದಿಲ್ಲ, ಆದ್ದರಿಂದ ವಿದ್ಯೆಯೇ ಅವರ ಗುಡಿಸಲಿಗೆ ಹೋಗಬೇಕು, ಊರೂರು ತಿರುಗುವ ಸಂನ್ಯಾಸಿಗಳು ಸಂಜೆ ಹೊತ್ತು ಭೂಗೋಳ ಖಗೋಳ ಹೇಳಿಕೊಡಬೇಕು ಎಂಬ ಯೋಜನೆ. ತನಗೆ ಒಂದು ಕಾವಿ ಬಟ್ಟೆ ಸಾಕೆಂದವನು ಇತರರಿಗೆ ಅಷ್ಟೇ ಸಾಕು ಎನ್ನಲಿಲ್ಲ. ಎರಡು ವರ್ಷ ಕಳೆದು ಪ್ರಕಟವಾದ ‘ರಾಜಯೋಗ’ವನ್ನು ಓದುವವರು ಈ ಕಾಗದವನ್ನೂ ಜೊತೆಗಿಟ್ಟುಕೊಳ್ಳಬೇಕೆಂದು ನನ್ನ ವಿನಂತಿ. ಯಮ ನಿಯಮಗಳಿಲ್ಲದೆ ಯೋಗ ಫಲಿಸದೆಂದು ಆ ಪುಸ್ತಕ ಹೇಳುತ್ತದೆ. ಯಾವ ನಿಯಮ ಯಾರಿಗೆ ಎಂಬುದು ಕಾಗದದಲ್ಲಿ ಗೊತ್ತಾಗುತ್ತದೆ.

ಸ್ವಾಧ್ಯಾಯ ಎಂದರೆ ಮೋಕ್ಷಶಾಸ್ತ್ರಗಳ ಓದು ಅಥವಾ ಪ್ರಣವದ ಜಪ. ಬೆಳಗ್ಗೆ ಐದಕ್ಕೇ ವಾಟ್ಸಾಪಿನಲ್ಲಿ ಬಂದು ಬೀಳುವ ಸುಭಾಷಿತಗಳು ಇದರಲ್ಲಿ ಸೇರುವುದಿಲ್ಲ. ಇದರ ಪರಾಕಾಷ್ಠೆಯನ್ನು ಬಂಗಾಳವೇ ತೋರಿಸಿದೆ. ಹರಿಹರಾನಂದ ಆರಣ್ಯರು 1869ರಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲೇ ಸಂನ್ಯಾಸ, ಬಿಹಾರದ ಬರಾಬರ್ ಗುಹೆಗಳಲ್ಲಿ ಏಕಾಂತ. 1926ರಲ್ಲಿ ಮಧುಪುರದ ಕಾಪಿಲ ಮಠದಲ್ಲಿ ಕಟ್ಟಿದ ಕೃತಕ ಗುಹೆಯೊಂದನ್ನು ಹೊಕ್ಕರು, ಬಾಗಿಲು ಮುಚ್ಚಿಸಿದರು, 1947ರಲ್ಲಿ ತೀರಿಕೊಳ್ಳುವವರೆಗೂ ಹೊರಗೆ ಬರಲಿಲ್ಲ. ಶಿಷ್ಯರ ಜೊತೆ ಮಾತು ಒಂದು ಕಿಟಕಿಯ ಮೂಲಕ. ವ್ಯಾಸಭಾಷ್ಯಕ್ಕೆ ಸಂಸ್ಕೃತದಲ್ಲಿ ‘ಭಾಸ್ವತೀ’ ಎಂಬ ಟೀಕೆ, ಬಂಗಾಳಿಯಲ್ಲಿ ದೊಡ್ಡ ವ್ಯಾಖ್ಯಾನ ಅವರದು. ಬಂಗಾಳಿ ಗ್ರಂಥವನ್ನು ಕಲ್ಕತ್ತಾ ವಿಶ್ವವಿದ್ಯಾಲಯ ಪ್ರಕಟಿಸಿತು. ಅದರ ಇಂಗ್ಲಿಷ್ ರೂಪವೂ 1963ರಲ್ಲಿ ಇಲ್ಲಿಂದಲೇ ಹೊರಟು ಜಗತ್ತನ್ನು ಸುತ್ತಿತು. ನಮ್ಮ ಕಾಲದಲ್ಲಿ ಸಾಂಖ್ಯಯೋಗವನ್ನು ಪುಸ್ತಕದ ದರ್ಶನವಾಗಿ ನೋಡದೆ ಹಾಗೆಯೇ ಬದುಕಿದವರೆಂದರೆ ನನಗೆ ತಟ್ಟನೆ ನೆನಪಾಗುವುದು ಅವರೇ. ಆ ಗುಹೆಯನ್ನು ಕಂಡು ಬೆರಗಾಗುತ್ತೇನೆ, ಮಾದರಿ ಎನ್ನಲಾರೆ. ಅವರೂ ಎನ್ನಲಿಲ್ಲ. ಕಲ್ಕತ್ತೆಯ ಬಾಬುಗಳು ಹವಾ ಬದಲಾವಣೆಗೆಂದು ಮಧುಪುರಕ್ಕೆ ಹೋಗುತ್ತಿದ್ದ ಕಾಲ ಅದು. ಗುಹೆಯೊಳಗೆ ಒಬ್ಬರು, ಹೊರಗೆ ರಜೆಯ ಜನ. ಇವರ ನಿಯಮ ಅವರ ರಜೆಯನ್ನು ಕೆಡಿಸಲಿಲ್ಲ.

ಕನ್ನಡದ ಉದಾಹರಣೆಯೂ ಈ ಊರಿನಲ್ಲೇ ಇದೆ. ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಇದ್ದುಕೊಂಡು ವಿವೇಕಾನಂದ ಸಾಹಿತ್ಯದಲ್ಲಿ ಮುಳುಗಿದ್ದ ಕುವೆಂಪು 1929ರಲ್ಲಿ ಸ್ವಾಮಿ ಸಿದ್ಧೇಶ್ವರಾನಂದರೊಡನೆ ರೈಲು ಹತ್ತಿ ಇಲ್ಲಿಗೆ ಬಂದರು. ಬೇಲೂರು ಮಠದಲ್ಲಿ ರಾಮಕೃಷ್ಣರ ನೇರ ಶಿಷ್ಯರಾದ ಸ್ವಾಮಿ ಶಿವಾನಂದರಿಂದ ಮಂತ್ರದೀಕ್ಷೆ ಪಡೆದರು. ಆಗ ಅವರಿಗೆ ಇಪ್ಪತ್ತನಾಲ್ಕು. ರಾಮಕೃಷ್ಣ, ವಿವೇಕಾನಂದ ಇಬ್ಬರ ಜೀವನಚರಿತ್ರೆಗಳನ್ನೂ ಕನ್ನಡಕ್ಕೆ ಕೊಟ್ಟರು. ಅದೇ ಕೈ ಪುರೋಹಿತಶಾಹಿಯನ್ನೂ ಜಾತಿಯನ್ನೂ ಕಟುವಾಗಿ ಖಂಡಿಸಿತು, ಪುರೋಹಿತರಿಲ್ಲದ ಮಂತ್ರಮಾಂಗಲ್ಯದ ಮದುವೆಗೆ ಪಠ್ಯ ಬರೆಯಿತು, ವಿಚಾರಕ್ರಾಂತಿಗೆ ಕರೆ ಕೊಟ್ಟಿತು. ಇವೆರಡೂ ಒಬ್ಬನೇ ಮನುಷ್ಯನಲ್ಲಿ ಹೇಗೆ ಎಂದು ಬೆರಗುಪಡುವ ವಿಮರ್ಶಕರಿದ್ದಾರೆ. ಇದರಲ್ಲಿ ಬೆರಗಿಗೇನಿದೆ? ಜಪ ಧ್ಯಾನಗಳು ಅವರ ಸ್ವಂತ ನಿಯಮ; ಅದನ್ನು ಯಾರ ಮೇಲೂ ಹೇರಲಿಲ್ಲ. ಸಮಾಜಕ್ಕೆ ಅವರು ಕೇಳಿದ್ದು ಸಮಾನತೆ, ಸತ್ಯ, ಅಂದರೆ ಯಮ. ಪತಂಜಲಿಯ ಕ್ರಮವನ್ನು ಕುಪ್ಪಳಿಯ ಕವಿ ಹಲವು ಶಾಸ್ತ್ರಿಗಳಿಗಿಂತ ಚೆನ್ನಾಗಿ ಅರಿತಿದ್ದರು.

ಕಡೆಯದು ಈಶ್ವರಪ್ರಣಿಧಾನ. ಎಲ್ಲ ಕ್ರಿಯೆಗಳನ್ನೂ ಪರಮಗುರುವಿಗೆ ಒಪ್ಪಿಸುವುದು ಅಥವಾ ಅವುಗಳ ಫಲವನ್ನು ಬಿಡುವುದು. ಇದಕ್ಕೆ ನಿಮ್ಮ ಬೀಡನ್ ಸ್ಟ್ರೀಟಿನ ನಾಟಕದವನನ್ನೇ ಕರೆತರುತ್ತೇನೆ. ಗಿರೀಶಚಂದ್ರ ಘೋಷ್, ಬಂಗಾಳಿ ರಂಗಭೂಮಿಯ ದೈತ್ಯ. ಸ್ಟಾರ್ ಥಿಯೇಟರಿನಲ್ಲಿ ಅವರ ‘ಚೈತನ್ಯಲೀಲಾ’ ನೋಡಲು 1884ರ ಸೆಪ್ಟೆಂಬರಿನಲ್ಲಿ ರಾಮಕೃಷ್ಣರೇ ಬಂದಿದ್ದರು. ಕುಡಿತ, ರಾತ್ರಿಯೆಲ್ಲ ರಂಗದ ಕೆಲಸ, ಕೋರ್ಟು ವ್ಯಾಜ್ಯ. ಇಂಥವರು ಒಂದು ದಿನ ಶರಣಾಗಿ, ನಾನಿನ್ನು ಏನು ಮಾಡಲಿ ಎಂದು ಕೇಳಿದರು.

ಮಾಡುತ್ತಿರುವುದನ್ನೇ ಮಾಡು, ಬೆಳಗ್ಗೆ ಸಂಜೆ ಒಮ್ಮೆ ದೇವರನ್ನು ನೆನೆ ಎಂದರು ರಾಮಕೃಷ್ಣರು. ಗಿರೀಶ್ ಸುಮ್ಮನೆ ನಿಂತರು. ತಾನು ಏಳುವ ಹೊತ್ತಿಗೇ ನಿಶ್ಚಯವಿಲ್ಲ. ಮಾತು ಕೊಟ್ಟು ತಪ್ಪಿದರೆ? ಹಾಗಾದರೆ ಊಟಕ್ಕೆ ಮುಂಚೆ, ಮಲಗುವ ಮುಂಚೆ ಎಂದು ಗುರು ಇಳಿಸಿದರು. ಆಗಲೂ ಮೌನ. ಊಟ ಒಂದು ದಿನ ಹತ್ತಕ್ಕೆ, ಇನ್ನೊಂದು ದಿನ ಸಂಜೆ ಐದಕ್ಕೆ. ಕೇಸಿನ ಚಿಂತೆಯಲ್ಲಿ ಉಂಡದ್ದೇ ತಿಳಿಯದ ದಿನಗಳೂ ಇದ್ದವು. ಅದೂ ಆಗದಿದ್ದರೆ ನನಗೆ ಬಕಲ್ಮಾ ಕೊಟ್ಟುಬಿಡು ಎಂದರು ರಾಮಕೃಷ್ಣರು. ನಮ್ಮ ಕಚೇರಿಗಳ ಮುಖ್ತ್ಯಾರನಾಮೆ ಅದು: ನಿನ್ನ ಪರವಾಗಿ ಎಲ್ಲ ನಾನು ನೋಡಿಕೊಳ್ಳುತ್ತೇನೆ. ಗಿರೀಶರಿಗೆ ಎದೆಯ ಭಾರ ಇಳಿಯಿತು. ನಿಯಮವೇ ಇಲ್ಲದ ನಿಯಮ!

ಸ್ವಲ್ಪ ದಿನಕ್ಕೆ ಗೊತ್ತಾಯಿತು ಅದರ ಬೆಲೆ. ಯಾವುದೋ ಸಣ್ಣ ವಿಷಯಕ್ಕೆ ನಾನು ಮಾಡುತ್ತೇನೆ ಎಂದುಬಿಟ್ಟರು. ರಾಮಕೃಷ್ಣರು ತಡೆದರು. ಬಕಲ್ಮಾ ಕೊಟ್ಟ ಮೇಲೆ ನಾನು ಎಂಬುದೆಲ್ಲಿ ಬಂತು? ದೇವರಿಚ್ಛೆಯಿದ್ದರೆ ಆಗುತ್ತದೆ ಎನ್ನಬೇಕು. ಗುರು ಹೋದರು, ಹೆಂಡತಿ, ಮಗ ಒಬ್ಬರ ಹಿಂದೊಬ್ಬರು ಹೋದರು. ದುಃಖ ಬಂದಾಗಲೂ ದೂರುವ ಹಕ್ಕು ಬರೆದುಕೊಟ್ಟಾಗಿದೆ. ಜಪ ತಪ ಮಾಡುವವರಿಗೆ ದಿನದಲ್ಲಿ ಒಂದು ಹೊತ್ತಿಗೆ ಮುಗಿಯಿತು ಎಂಬುದಿರುತ್ತದೆ, ಬಕಲ್ಮಾ ಕೊಟ್ಟವನಿಗೆ ಹೆಜ್ಜೆಹೆಜ್ಜೆಗೂ ಉಸಿರುಸಿರಿಗೂ ನೋಡಿಕೊಳ್ಳಬೇಕು, ಇದು ಅವನ ಮೇಲೆ ಭಾರ ಹಾಕಿ ಮಾಡಿದ್ದೋ ಹಾಳು ನಾನು ಮಾಡಿದ್ದೋ ಎಂದು, ಎಂಬ ಅರ್ಥದ ಮಾತನ್ನು ಗಿರೀಶ್ ಕೊನೆಗಾಲದಲ್ಲಿ ಹೇಳುತ್ತಿದ್ದರು.

ಶಿಷ್ಯನ ದಿನಚರಿ ನೋಡಿ ಗುರು ನಿಯಮವನ್ನು ಒಂದೇ ಕೂತಿನಲ್ಲಿ ಎರಡು ಸಲ ಬದಲಿಸಿದರು. ಅದೇ ಗುರು ಮುಂದೆ ವಿವೇಕಾನಂದರಾದ ನರೇಂದ್ರನಂಥ ಹುಡುಗರಿಂದ ಧ್ಯಾನ, ಬ್ರಹ್ಮಚರ್ಯಗಳನ್ನು ಬಿಗಿಯಾಗಿಯೇ ಕೇಳಿದ್ದರು. ಗಿರೀಶರಲ್ಲಿ ಅವರು ಸಡಿಲಿಸದೆ ಬಿಟ್ಟದ್ದು ಒಂದೇ, ಪ್ರಾಮಾಣಿಕತೆ. ಗಿರೀಶರಿಗೂ ಅದೊಂದು ಇತ್ತು. ಆಗದ್ದನ್ನು ಆಗುತ್ತದೆ ಎಂದು ಒಪ್ಪಿಕೊಂಡು ಹೋಗಲಿಲ್ಲ. ಎರಡು ಸಲ ಬಾಯಿಮುಚ್ಚಿ ನಿಂತರಲ್ಲ, ಆ ಮೌನ ಸತ್ಯವೆಂಬ ಯಮ.

ಸಭೆಯಲ್ಲಿ ಸಾಂಖ್ಯ ಓದಿದವರು ಇದ್ದಾರೆ, ಅವರ ಆಕ್ಷೇಪ ನನಗೆ ಈಗಲೇ ಕೇಳಿಸುತ್ತಿದೆ. ಪತಂಜಲಿಯ ಈಶ್ವರ ಕ್ಲೇಶ ಕರ್ಮಗಳು ಸೋಂಕದ ಪುರುಷವಿಶೇಷ. ಲೋಕದ ವ್ಯವಹಾರಕ್ಕೆ ಇಳಿದು ಯಾರ ಮುಖ್ತ್ಯಾರಿಕೆಯನ್ನೂ ವಹಿಸಿಕೊಳ್ಳುವವನಲ್ಲ. ಹರಿಹರಾನಂದರನ್ನು ಗುಹೆಯ ಕಿಟಕಿಯಲ್ಲಿ ಕೇಳಿದ್ದರೆ ಗಿರೀಶರದು ಭಕ್ತಿ, ಯೋಗಶಾಸ್ತ್ರದ ಪ್ರಣಿಧಾನವಲ್ಲ ಎಂದೇ ಹೇಳುತ್ತಿದ್ದರೇನೋ. ಆಕ್ಷೇಪ ಬಲವಾಗಿದೆ. ಆದರೆ ಪ್ರಣಿಧಾನದಲ್ಲಿ ಒಪ್ಪಿಸುವವನಿಗೆ ಏನಾಗುತ್ತದೆ ಎಂಬುದರ ಮೇಲೆ ಸೂತ್ರದ ಕಣ್ಣು, ಒಪ್ಪಿಸಿಕೊಳ್ಳುವವನು ಏನು ಮಾಡುತ್ತಾನೆ ಎಂಬುದರ ಮೇಲಲ್ಲ ಎಂದು ನಾನು ವಾದಿಸುತ್ತೇನೆ. ಇನ್ನು ನೀವು ಕೇಳಿ, ನನಗೆ ತಿಳಿದಷ್ಟು ಉತ್ತರ ಹೇಳುತ್ತೇನೆ.